ಏಳನೆಯ ಸೆಮಿಸ್ಟರಿನ ಎದುರಾಳಿ

ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿರುವವರನ್ನು ಯಾರೂ ‘ಈಗ ಏನು ಓದ್ತಿದ್ದೀಯ’ ಎಂದು ಕೇಳುವುದಿಲ್ಲ. ‘ಪ್ಲೇಸ್‌ಮೆಂಟ್ ಆಯ್ತಾ’ ಎಂದು ಕೇಳುತ್ತಾರೆ. ಬೆಂಗಳೂರಿನ ಹೊಸಹಳ್ಳಿಯ ನಮ್ಮ ಬೀದಿಯಲ್ಲಿ ಹಾಲಿನ ಬೂತಿನವರು, ಇಸ್ತ್ರಿ ಅಂಗಡಿಯವರು, ಮೇಲಿನ ಮನೆಯ ಆಂಟಿ, ಎಲ್ಲರೂ ಅಕ್ಕರೆಯಿಂದಲೇ ಕೇಳುತ್ತಿದ್ದ ಪ್ರಶ್ನೆ ಅದು. ಸಾಲ ಮಾಡಿ ಓದಿಸುವ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇರಲಿಕ್ಕೂ ಸಾಧ್ಯವಿಲ್ಲ. ಏಳನೆಯ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಕಂಪನಿಗಳು ಕಾಲೇಜಿಗೆ ಬರತೊಡಗುತ್ತವೆ. ಆಪ್ಟಿಟ್ಯೂಡ್ ಟೆಸ್ಟು, ಟೆಕ್ನಿಕಲ್ ರೌಂಡು, ಎಚ್‌ಆರ್ ರೌಂಡು ಎಂದು ಹುಡುಗರು ಹುಡುಗಿಯರು ಫಾರ್ಮಲ್ಸ್ ಹಾಕಿಕೊಂಡು ಓಡಾಡುತ್ತಾರೆ. ಸರಿಯಾಗಿ ಆ ತಿಂಗಳುಗಳಲ್ಲೇ ನಾಲ್ಕು ವರ್ಷದಲ್ಲಿ ಅತಿ ಕಷ್ಟದ ಪೇಪರುಗಳೂ ಬಂದು ಕೂರುತ್ತವೆ. ಓದಬೇಕಾದಾಗ ಮನಸ್ಸು ಇರುವುದಿಲ್ಲ, ಮನಸ್ಸು ಬರುವ ಹೊತ್ತಿಗೆ ಕೋರ್ಸು ಮುಗಿದಿರುತ್ತದೆ.

ನಾನು ಆ ವರ್ಷವನ್ನು ದಾಟಿ ಸ್ವಲ್ಪ ಕಾಲವಾಯಿತು. ಕೆಲಸ ಸಿಕ್ಕಿದೆ, ಸಾಲವೂ ಕರಗುತ್ತಿದೆ. ಈಗ ಹಿಂತಿರುಗಿ ನೋಡಿದರೆ ಆ ನಾಲ್ಕು ವರ್ಷಗಳಲ್ಲಿ ನನ್ನ ಯೋಚನೆಯ ದಾರಿಯನ್ನೇ ತಿರುಗಿಸಿದ್ದು ಆ ಕೊನೆಯ ಕಷ್ಟದ ಪೇಪರುಗಳು ಎಂದು ನನಗೆ ಖಚಿತವಾಗಿದೆ. ಕಂಪೈಲರ್, ಥಿಯರಿ ಆಫ್ ಕಂಪ್ಯುಟೇಶನ್, ಕ್ರಿಪ್ಟೋಗ್ರಫಿ ಮತ್ತು ನೆಟ್‌ವರ್ಕ್ ಸೆಕ್ಯುರಿಟಿ, ಅದರ ಜೊತೆಗೊಂದು ಲ್ಯಾಬ್. ಅವುಗಳ ಬಗ್ಗೆ ಯಾರಾದರೂ ಮನಸ್ಸಿಟ್ಟು ಬರೆಯಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ಕರ್ನಾಟಕದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಅದರ ಪ್ರಶ್ನೆಪತ್ರಿಕೆಯ ರೀತಿ ಗೊತ್ತಿದ್ದವರಿಗೆ ಗೊತ್ತು: ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದಕ್ಕೆ ಉತ್ತರ, 20 ಅಂಕ. ಒಂದು ಮಾಡ್ಯೂಲನ್ನು ಪೂರ್ತಿ ಕೈಬಿಟ್ಟರೂ 80ಕ್ಕೆ ಬರೆಯಬಹುದು. ಕ್ರಿಪ್ಟೋಗ್ರಫಿಯಲ್ಲಿ ಹಾಗೆ ಕೈಬಿಡುವ ಮಾಡ್ಯೂಲ್ ಸಾಮಾನ್ಯವಾಗಿ ನಂಬರ್ ಥಿಯರಿ ಇರುವುದೇ. ಅವಿಭಾಜ್ಯ ಸಂಖ್ಯೆ, ಶೇಷ, ಆಯ್ಲರನ ಪ್ರಮೇಯ ಎಂದ ಕೂಡಲೇ ಜೆರಾಕ್ಸ್ ಅಂಗಡಿಯ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಕಟ್ಟಿನಲ್ಲಿ ಆ ಪುಟಗಳು ತೆಳ್ಳಗಾಗುತ್ತವೆ. ಉಳಿದ ಎಲ್ಲ ಮಾಡ್ಯೂಲುಗಳೂ ನಿಂತಿರುವುದು ಅದರ ಮೇಲೆಯೇ ಎಂಬುದು ಪರೀಕ್ಷೆಗೆ ಬೇಕಾಗುವುದಿಲ್ಲ.

ನಮ್ಮಪ್ಪ ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಲೇತ್ ಮೇಲೆ ದುಡಿದವರು. ಮಾಗಡಿ ರಸ್ತೆಯ ಆಚೀಚೆ ಅಂಥ ಸಣ್ಣ ವರ್ಕ್‌ಶಾಪುಗಳು ಎಷ್ಟೋ ಇವೆ. ಕೂಲಂಟ್ ಎಣ್ಣೆಯ ವಾಸನೆ ಆ ಬೀದಿಗಳ ವಿಳಾಸವೇ ಆಗಿಬಿಟ್ಟಿದೆ. ಲೇತಿನಿಂದ ಇಳಿದ ಪ್ರತಿ ಪೀಸನ್ನೂ ಅಪ್ಪ ಮೈಕ್ರೋಮೀಟರಿಗೆ ಕೊಟ್ಟು ನೋಡುತ್ತಿದ್ದರು. ಇಷ್ಟು ವರ್ಷ ಮಾಡಿದ ಮೇಲೂ ಯಾಕಪ್ಪ ಅಂದರೆ, ‘ಮಿಷನ್ನು ಬಿಸಿಯಾಗುತ್ತೆ, ಟೂಲ್ ಸವೆಯುತ್ತೆ. ಆದರೆ ಕಬ್ಬಿಣ ಮೋಸ ಮಾಡಲ್ಲ ಮಗ’ ಅನ್ನುತ್ತಿದ್ದರು. ನಮ್ಮ ಮೊದಲ ಮೂರು ವರ್ಷದ ಓದು ಅಪ್ಪನ ಲೇತಿನ ಹಾಗೇ ಇತ್ತು. ಪಟ್ಟಿಯನ್ನು ಕ್ರಮವಾಗಿ ಜೋಡಿಸುವುದು, ಡೇಟಾಬೇಸಿನಲ್ಲಿ ಹುಡುಕುವುದು, ಎರಡು ಊರುಗಳ ನಡುವಿನ ಹತ್ತಿರದ ದಾರಿ ಲೆಕ್ಕ ಹಾಕುವುದು. ಲೆಕ್ಕ ತಪ್ಪಬಹುದು, ಮೆಮೊರಿ ಸಾಲದೆ ಹೋಗಬಹುದು, ವೈರ್ ಕಿತ್ತುಹೋಗಬಹುದು. ಆದರೆ ಅದರಲ್ಲಿ ಯಾವುದಕ್ಕೂ ಬುದ್ಧಿ ಇರಲಿಲ್ಲ. ಯಾವುದೂ ನಮ್ಮ ಮೇಲೆ ಕಣ್ಣಿಟ್ಟಿರಲಿಲ್ಲ.

ಸೆಕ್ಯುರಿಟಿ ಕ್ಲಾಸಿನ ಮೊದಲ ದಿನವೇ ಮೇಡಂ ಹೇಳಿದರು: ‘ಇಲ್ಲಿ ತನಕ ನಿಮ್ಮ ಪ್ರೋಗ್ರಾಂ ಕೆಲಸ ಮಾಡುತ್ತೆ ಅಂತ ತೋರಿಸ್ತಿದ್ರಿ. ಇನ್ನು ಮುಂದೆ, ಅದು ಕೆಡಲಿ ಅಂತ ಕಾಯ್ತಾ ಎದುರುಗಡೆ ಒಬ್ಬ ಕೂತಿದ್ದಾನೆ ಅಂದ್ಕೊಂಡು ಬರೀರಿ. ಅವನು ನಿಮಗಿಂತ ಬುದ್ಧಿವಂತ, ಅವನ ಹತ್ತಿರ ಟೈಮೂ ಜಾಸ್ತಿ ಇದೆ.’ ಕ್ಲಾಸಿನಲ್ಲಿ ಅರ್ಧ ಜನ ಮೊಬೈಲಿನಲ್ಲಿ ಆ ಮಧ್ಯಾಹ್ನದ ಟೆಸ್ಟಿನ ಲಿಂಕ್ ನೋಡುತ್ತಿದ್ದರು. ಆ ಮಾತಿನ ತೂಕ ತಿಳಿಯಲು ನನಗೂ ಲ್ಯಾಬಿನ ತನಕ ಕಾಯಬೇಕಾಯಿತು.

ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ‘ಸೀಡ್ ಲ್ಯಾಬ್ಸ್’ ಎಂಬ ಅಭ್ಯಾಸಗಳ ಸರಣಿಯೊಂದಿದೆ. ದುಡ್ಡು ಕೊಡದೆ ಇಳಿಸಿಕೊಂಡು ನಮ್ಮ ಲ್ಯಾಪ್‌ಟಾಪಿನೊಳಗೇ ಒಂದು ಬೇರೆ ಕಂಪ್ಯೂಟರ್ ಎಬ್ಬಿಸಿ ಅದರ ಮೇಲೆ ದಾಳಿ ಮಾಡಿ ಕಲಿಯಬಹುದು. ನಮಗೆ ಕೊಟ್ಟಿದ್ದು ಬಫರ್ ಓವರ್‌ಫ್ಲೋ. ಸಿ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಂ, ಹೆಸರು ಕೇಳಿ ‘ನಮಸ್ಕಾರ’ ಅನ್ನುವಂಥದ್ದು. ಹೆಸರಿಗೆ 16 ಅಕ್ಷರದ ಜಾಗ. ಮೊದಲ ಸೆಮಿಸ್ಟರಿನಿಂದ ಇಂಥವನ್ನು ಎಷ್ಟು ಬರೆದಿದ್ದೆವೋ ಲೆಕ್ಕವಿಲ್ಲ. ಈ ಸಲ ಹೆಸರಿನ ಬದಲು ಇಂಗ್ಲಿಷಿನ ‘ಎ’ ಅಕ್ಷರವನ್ನೇ ಸಾಲಾಗಿ ಒತ್ತುತ್ತಾ ಹೋಗಬೇಕು. 16 ದಾಟಿತು, ಪ್ರೋಗ್ರಾಂ ಸುಮ್ಮನಿತ್ತು. ಇನ್ನೂ ಒತ್ತಿದೆ. ಪ್ರೋಗ್ರಾಂ ಬಿದ್ದುಹೋಯಿತು. ಡಿಬಗ್ಗರ್ ತೆರೆದು ನೋಡಿದರೆ, ಕೆಲಸ ಮುಗಿಸಿ ಎಲ್ಲಿಗೆ ವಾಪಸ್ ಹೋಗಬೇಕು ಎಂದು ಪ್ರೋಸೆಸರ್ ಬರೆದಿಟ್ಟುಕೊಂಡಿದ್ದ ವಿಳಾಸದ ಜಾಗದಲ್ಲಿ 41414141 ಎಂದಿತ್ತು. ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ 41 ಅಂದರೆ ‘ಎ’. ನಾನು ಒತ್ತಿದ ಅಕ್ಷರಗಳು ತಮ್ಮ ಜಾಗ ತುಂಬಿ, ಪಕ್ಕದ ಜಾಗಕ್ಕೆ ಹರಿದು, ಯಂತ್ರ ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನೇ ಅಳಿಸಿ ಬರೆದಿದ್ದವು. ಹೆಸರು ಕೇಳಿದವನಿಗೆ ಹೆಸರಿನ ಬದಲು ಅಪ್ಪಣೆ ಕೊಡಬಹುದು! ಆ ನಾಲ್ಕು ಜೋಡಿ ಅಂಕಿಗಳನ್ನು ಪರದೆಯ ಮೇಲೆ ನೋಡಿದಾಗ ಮೈ ಜುಮ್ಮೆಂದಿದ್ದು ಈಗಲೂ ನೆನಪಿದೆ. ಅದಕ್ಕೂ ಮುಂಚೆ ಕಂಪ್ಯೂಟರ್ ಆರ್ಗನೈಸೇಶನ್ ಪೇಪರಿನಲ್ಲಿ, ಆ ವಿಳಾಸ ಕೂರುವ ಸ್ಟ್ಯಾಕಿನ ಚಿತ್ರ ಬರೆದು ಅಂಕ ತೆಗೆದಿದ್ದೆ. ಸ್ಟ್ಯಾಕ್ ಅಂದರೇನು ಅಂತ ಅರ್ಥವಾಗಿದ್ದು ಆ ಮಧ್ಯಾಹ್ನ.

1988ರ ನವೆಂಬರ್ 2ರಂದು ಇಂಟರ್ನೆಟ್ಟಿನಲ್ಲಿ ಹರಡಿದ ಮಾರಿಸ್ ವರ್ಮ್ ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. 512 ಬೈಟ್ ಜಾಗಕ್ಕೆ ಅದಕ್ಕಿಂತ ಉದ್ದದ ಸಾಲನ್ನು ತುರುಕಿದ್ದು, ಅಷ್ಟೇ. ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅಳತೆ ನೋಡದೆ ಓದಿಕೊಳ್ಳುವ ‘ಗೆಟ್ಸ್’ ಎಂಬ ಫಂಕ್ಷನ್ನನ್ನು ಸಿ ಭಾಷೆಯ ಅಧಿಕೃತ ನಿಯಮದಿಂದ ಪೂರ್ತಿ ತೆಗೆದುಹಾಕಿದ್ದು 2011ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷದ ನಂತರ. ನಮ್ಮ ಕೆಲವು ಕಾಲೇಜುಗಳ ಮೊದಲ ವರ್ಷದ ಲ್ಯಾಬ್ ಮ್ಯಾನ್ಯುಯಲ್ಲುಗಳಲ್ಲಿ ಅದು ಆಮೇಲೂ ಉಳಿದುಕೊಂಡಿತ್ತು. ಮೊದಲ ವರ್ಷ ಅದನ್ನು ಕಲಿಸಿ, ಕೊನೆಯ ವರ್ಷ ಅದು ಏಕೆ ಕೂಡದು ಎಂದು ಹೇಳುವುದರ ಬದಲು ಮೊದಲ ದಿನವೇ ಆ 41414141 ತೋರಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಓದಿಗೆ ಕೂರುತ್ತಿದ್ದ ಜಾಗದ ಬಗ್ಗೆಯೂ ಹೇಳಬೇಕು. ಹೊಸಹಳ್ಳಿ ಅಂದರೆ ಹೊರಗಿನವರಿಗೆ ನೇರಳೆ ಮಾರ್ಗದ ಒಂದು ಮೆಟ್ರೊ ಸ್ಟೇಷನ್. ಬೋರ್ಡಿನ ಮೇಲೆ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ಅವರ ಹೆಸರೂ ಇದೆ. 2015ರಲ್ಲಿ ಮೈಸೂರು ರಸ್ತೆಯ ತನಕ, 2021ರಲ್ಲಿ ಕೆಂಗೇರಿಯ ತನಕ ರೈಲು ಬಂತು, ನನ್ನ ಕಾಲೇಜಿನ ದಾರಿ ಸಲೀಸಾಯಿತು. ಅಲ್ಲಿಂದ ವಿಜಯನಗರ, ಹಂಪಿನಗರ, ಚಂದ್ರಾ ಲೇಔಟ್ ಕಡೆ ನಡೆದರೆ ಗೋಡೆಗೋಡೆಗೂ ಕೋಚಿಂಗ್ ಸೆಂಟರಿನ ಬೋರ್ಡು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ರಾಜ್ಯದ ಮೂಲೆಮೂಲೆಯಿಂದ ಬಂದವರು ಪಿಜಿಗಳಲ್ಲಿ ಇದ್ದುಕೊಂಡು ಓದುತ್ತಾರೆ. ಅವರಿಗಾಗಿ ತಿಂಗಳ ಬಾಡಿಗೆಯ ರೀಡಿಂಗ್ ರೂಮುಗಳು ಹುಟ್ಟಿಕೊಂಡಿವೆ: ಸಾಲು ಮೇಜು, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ತಲೆಗೊಂದು ಚಾರ್ಜಿಂಗ್ ಪಾಯಿಂಟು. ಮನೆಯಲ್ಲಿ ಟಿವಿ ಸದ್ದು ತಡೆಯದೆ ನಾನೂ ಅಂಥದ್ದೊಂದರಲ್ಲಿ ಸೀಟು ಹಿಡಿದೆ. ಕಂಪ್ಯೂಟರ್ ಸೈನ್ಸ್ ಓದುವವರು ಅಲ್ಲಿ ಅಪರೂಪ.

ಪಕ್ಕದ ಸೀಟಿನವರು ಕೊಪ್ಪಳದ ಕಡೆಯವರು, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಒಂದು ರಾತ್ರಿ ನನ್ನ ಹಾಳೆ ನೋಡಿ, ‘ಏನ್ರೀ, ಗಣಿತ ಬಿಡಸಾಕತ್ತೀರೇನು?’ ಎಂದರು. ಗಣಿತ ಅಲ್ಲಣ್ಣ, ಗುಟ್ಟಾಗಿ ಕಾಗದ ಕಳಿಸೋ ವಿಧಾನ ಎಂದೆ. ಸೈಬರ್ ಕ್ರೈಂ ಅಂದರೆ ತಮಗೂ ಬೇಕಾದ ವಿಷಯ ಎಂದು ಕುರ್ಚಿ ಎಳೆದುಕೊಂಡರು. ಟೀ ಅಂಗಡಿ ಮುಚ್ಚುವುದರೊಳಗೆ ಹೋಗೋಣ ಎಂದುಕೊಂಡಿದ್ದವರು ಅಲ್ಲೇ ಕೂತು ಆರ್‌ಎಸ್‌ಎ ಲೆಕ್ಕ ಮಾಡಿದೆವು.

ಎರಡು ಅವಿಭಾಜ್ಯ ಸಂಖ್ಯೆ ತಗೊಳ್ಳಿ, 3 ಮತ್ತು 11. ಗುಣಿಸಿದರೆ 33. ಒಂದೊಂದರಲ್ಲೂ 1 ಕಳೆದು ಗುಣಿಸಿದರೆ, 2 ಇಂಟು 10, ಅಂದರೆ 20. ಈಗ 20ರ ಜೊತೆ 1 ಬಿಟ್ಟು ಸಮಾನ ಅಪವರ್ತನ ಇಲ್ಲದ ಒಂದು ಸಂಖ್ಯೆ ಬೇಕು, 7 ಇರಲಿ. 7ನ್ನು ಯಾವುದರಿಂದ ಗುಣಿಸಿ 20ರಿಂದ ಭಾಗಿಸಿದರೆ 1 ಉಳಿಯುತ್ತದೆ? 3, ಏಕೆಂದರೆ 21. ಈಗ 33 ಮತ್ತು 7 ಅನ್ನು ಊರಿಗೆಲ್ಲ ಸಾರಿಬಿಡಿ. 3 ಮಾತ್ರ ನಿಮ್ಮ ಹತ್ತಿರ ಇರಲಿ. ನಾನು ನಿಮಗೆ 2 ಎಂಬ ಅಂಕಿಯನ್ನು ಗುಟ್ಟಾಗಿ ಕಳಿಸಬೇಕು. ಎರಡರ ಏಳನೆಯ ಘಾತ 128. 33ರಿಂದ ಭಾಗಿಸಿದರೆ ಶೇಷ 29. ಆ 29ನ್ನು ಬೀದಿಯಲ್ಲಿ ಕೂಗಿ ಹೇಳುತ್ತೇನೆ. ನೀವು 29ರ ಘನ ಮಾಡಿ, 24389, ಅದನ್ನು 33ರಿಂದ ಭಾಗಿಸಿ. ಅಣ್ಣ ಹಾಳೆಯ ಮೇಲೆ ಭಾಗಾಕಾರ ಮಾಡಿದರು. ಶೇಷ 2 ಬಂತು. ಮತ್ತೊಮ್ಮೆ ಮಾಡಿ ನೋಡಿದರು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಇದು: ‘ಅಲ್ರೀ, 33 ಎಲ್ಲಾರಿಗೂ ಗೊತ್ತಿರತೈತಿ ಅಂದ್ರ, ಅದನ್ನ ಒಡದು 3, 11 ಅಂತ ಕಂಡುಹಿಡಿಯಾಕ ಎಷ್ಟೊತ್ತು ಬೇಕು?’ ನಂಬರ್ ಥಿಯರಿಯನ್ನೇ ಕಂಡಿರದವರು ನೇರವಾಗಿ ಆರ್‌ಎಸ್‌ಎಯ ಜೀವಕ್ಕೆ ಕೈ ಹಾಕಿದ್ದರು. ರಿವೆಸ್ಟ್, ಶಮೀರ್, ಅಡ್ಲ್‌ಮನ್ ಎಂಬ ಮೂವರು 1977ರಲ್ಲಿ ಇದನ್ನು ಕಂಡುಹಿಡಿದಾಗ, ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಒಡೆಯುವುದು ಕಷ್ಟ ಎಂಬ ನಂಬಿಕೆಯ ಮೇಲೆ ಎಲ್ಲವನ್ನೂ ನಿಲ್ಲಿಸಿದ್ದರು. ಒಡೆಯಲು ಸುಲಭದ ದಾರಿಯೇ ಇಲ್ಲ ಎಂದು ಇವತ್ತಿನ ತನಕ ಯಾರೂ ಸಾಧಿಸಿ ತೋರಿಸಿಲ್ಲ. 129 ಅಂಕಿಯ ಒಂದು ಸಂಖ್ಯೆಯನ್ನು ಆಗಲೇ ಪತ್ರಿಕೆಯೊಂದರಲ್ಲಿ ಸವಾಲಾಗಿ ಪ್ರಕಟಿಸಿ, ನೂರು ಡಾಲರ್ ಬಹುಮಾನ ಇಟ್ಟರು. ಒಡೆಯಲು ಕೋಟಿ ಕೋಟಿ ವರ್ಷ ಬೇಕಾಗಬಹುದು ಎಂಬ ಅಂದಾಜು. 1994ರಲ್ಲಿ, ಸುಮಾರು 600 ಮಂದಿ ಸ್ವಯಂಸೇವಕರು ಇಂಟರ್ನೆಟ್ಟಿನ ಮೂಲಕ ತಮ್ಮ ಕಂಪ್ಯೂಟರುಗಳನ್ನು ಒಗ್ಗೂಡಿಸಿ ಒಡೆದೇಬಿಟ್ಟರು. ಕೋಟಿ ವರ್ಷದ ಅಂದಾಜು ಹದಿನೇಳು ವರ್ಷಕ್ಕೆ ಇಳಿಯಿತು. ಈಗ ಬಳಕೆಯಲ್ಲಿರುವ 2048 ಬಿಟ್ಟಿನ ಸಂಖ್ಯೆಗೆ 617 ಅಂಕಿಗಳು.

‘ನಮ್ಮ ಸಿರಿಭೂವಲಯದಾಗೂ ಬರೀ ಅಂಕಿನ ಅದಾವಲ್ರೀ?’ ಎಂದರು ಅಣ್ಣ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೆನಪಿನ ಶಕ್ತಿ ದೊಡ್ಡದು. ಕುಮುದೇಂದು ಮುನಿಯ ಆ ಕೃತಿಯಲ್ಲಿ ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳ ಚೌಕಗಳಿವೆ. 1ರಿಂದ 64ರವರೆಗಿನ ಅಂಕಿಗಳು ಅಕ್ಷರಗಳಿಗೆ ನಿಂತಿವೆ. ಯಾವ ಕ್ರಮದಲ್ಲಿ ಓದಬೇಕೆಂಬ ‘ಬಂಧ’ ತಿಳಿದರೆ ಪದ್ಯ ತೆರೆದುಕೊಳ್ಳುತ್ತದೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ, ಅದು ನನ್ನ ಅಳವಿನದಲ್ಲ. ಆದರೆ ಅಣ್ಣನ ಪ್ರಶ್ನೆ ಒಂದು ವ್ಯತ್ಯಾಸವನ್ನು ಥಟ್ಟನೆ ಎದುರಿಗಿಟ್ಟಿತು. ಅಲ್ಲಿ ಗುಟ್ಟು ಇರುವುದು ಓದುವ ಕ್ರಮದಲ್ಲಿ. ಕ್ರಮ ಗೊತ್ತಾದವರಿಗೆ ಮುಚ್ಚುಮರೆ ಇಲ್ಲ. 1883ರಲ್ಲಿ ಕೆರ್ಕ್‌ಹಾಫ್ಸ್ ಎಂಬಾತ ಇದನ್ನು ತಿರುಗಿಸಿ ಹಾಕಿದ: ಕ್ರಮ ಶತ್ರುವಿಗೆ ಗೊತ್ತಾದರೂ ಗುಟ್ಟು ಉಳಿಯಬೇಕು, ಕೀಲಿಯೊಂದೇ ನಿಮ್ಮ ಕೈಲಿರಬೇಕು. ಆ ರಾತ್ರಿ ಕನ್ನಡದಲ್ಲಿ, ಅದೂ ಎರಡು ಕನ್ನಡದಲ್ಲಿ, ಇದನ್ನೆಲ್ಲ ಬಿಡಿಸಿ ಹೇಳುವಾಗ ನನಗೇ ಹೊಸದಾಗಿ ತಿಳಿಯಿತು. ಕ್ರಿಪ್ಟೋಗ್ರಫಿಗೆ ನಾವು ಓದುತ್ತಿದ್ದ ಸ್ಟಾಲಿಂಗ್ಸ್ ಅವರ ಪುಸ್ತಕವನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಓದಿದರೂ ವಾಕ್ಯಗಳು ನೆನಪಿನಲ್ಲಿ ನಿಲ್ಲುತ್ತಿದ್ದವು, ವಿಷಯ ನಿಲ್ಲುತ್ತಿರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುತ್ತಿದ್ದ ನನ್ನ ಸಹಪಾಠಿಗಳಿಗೆ ಯಾರಾದರೂ ಆ ಮಾಡ್ಯೂಲನ್ನು ಹೀಗೆ ಹೇಳಿದ್ದರೆ, ಅವರಲ್ಲಿ ಎಷ್ಟೋ ಜನ ಅದನ್ನು ಕೈಬಿಡುತ್ತಿರಲಿಲ್ಲ.

ನಮ್ಮಜ್ಜಿ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗಾಗಿ ಹೆಬ್ಬೆಟ್ಟು ಒತ್ತುತ್ತಾರೆ. ಸವೆದ ಬೆರಳು, ಎರಡು ಮೂರು ಸಲ ಒತ್ತಿದ ಮೇಲೆ ಮಿಷನ್ನು ಒಪ್ಪಿಕೊಳ್ಳುತ್ತದೆ. ಆಧಾರ್ ಪ್ರಾಧಿಕಾರ ಪ್ರಕಟಿಸಿರುವ ತಾಂತ್ರಿಕ ದಾಖಲೆಯ ಪ್ರಕಾರ ಆ ಬೆರಳಚ್ಚು ಮಿಷನ್ನಿನಿಂದ ಹೊರಡುವ ಮುಂಚೆ ಎಇಎಸ್ ವಿಧಾನದಲ್ಲಿ 256 ಬಿಟ್ಟಿನ ತಾತ್ಕಾಲಿಕ ಕೀಲಿಯಿಂದ ಗೂಢವಾಗುತ್ತದೆ. ಆ ಕೀಲಿಯನ್ನು ಪ್ರಾಧಿಕಾರದ 2048 ಬಿಟ್ಟಿನ ಆರ್‌ಎಸ್‌ಎ ಬಹಿರಂಗ ಕೀಲಿಯಿಂದ ಮತ್ತೆ ಗೂಢ ಮಾಡಿ ಜೊತೆಗೆ ಕಳಿಸುತ್ತಾರೆ. ನಾವು 33 ಮತ್ತು 7 ಇಟ್ಟುಕೊಂಡು ಮಾಡಿದ ಲೆಕ್ಕವೇ, 617 ಅಂಕಿಯ ಸಂಖ್ಯೆಯ ಮೇಲೆ, ಅಜ್ಜಿ ಬೆರಳು ಎತ್ತುವಷ್ಟರಲ್ಲಿ ನಡೆದುಹೋಗುತ್ತದೆ. ಇದು ಗೊತ್ತಾದ ಮೇಲೆ ಅಜ್ಜಿಯ ಜೊತೆ ಕ್ಯೂನಲ್ಲಿ ನಿಲ್ಲುವುದಕ್ಕೆ ನನಗೆ ಬೇಸರ ಆಗಿಲ್ಲ.

ಥಿಯರಿ ಆಫ್ ಕಂಪ್ಯುಟೇಶನ್ ಮತ್ತು ಕಂಪೈಲರ್ ಬಗ್ಗೆ ಎರಡು ಮಾತು. ಇವು ಸೆಕ್ಯುರಿಟಿಗೆ ಸಂಬಂಧವಿಲ್ಲದ ಒಣ ಪೇಪರುಗಳು ಎಂದು ನಾವೆಲ್ಲ ತಿಳಿದಿದ್ದೆವು. ಒಂದು ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಎಲ್ಲ ಸಂದರ್ಭದಲ್ಲೂ ಹೇಳಬಲ್ಲ ಇನ್ನೊಂದು ಪ್ರೋಗ್ರಾಂ ಇರಲು ಸಾಧ್ಯವಿಲ್ಲ ಎಂಬುದನ್ನು ಅಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿದ. ಹತ್ತು ಅಂಕದ ಪ್ರಶ್ನೆ, ಬಾಯಿಪಾಠ ಮಾಡಿ ಬರೆಯುತ್ತಾರೆ. ಅದೇ ತರ್ಕದ ದಾರಿಯಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ 1984ರಲ್ಲಿ, ಎಲ್ಲ ವೈರಸ್ಸುಗಳನ್ನೂ ತಪ್ಪದೆ ಗುರುತಿಸುವ ಪ್ರೋಗ್ರಾಂ ಬರೆಯಲಾಗದು ಎಂದು ತೋರಿಸಿದ. ‘ನೂರಕ್ಕೆ ನೂರು ರಕ್ಷಣೆ’ ಎಂದು ಬರೆದ ಆ್ಯಂಟಿವೈರಸ್ ಡಬ್ಬಿ ಕಂಡಾಗಲೆಲ್ಲ ನನಗೆ ಆ ಹತ್ತು ಅಂಕ ನೆನಪಾಗುತ್ತದೆ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಅದೇ 1984ರಲ್ಲಿ ಪ್ರಕಟವಾದ ತನ್ನ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇನ್ನೊಂದು ತೋರಿಸಿದ. ಪಾಸ್‌ವರ್ಡ್ ಪರೀಕ್ಷಿಸುವ ಪ್ರೋಗ್ರಾಮಿನ ಮೂಲ ಬರಹದಲ್ಲಿ ಯಾವ ಮೋಸವೂ ಇಲ್ಲ. ಆದರೆ ಅದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಗುಟ್ಟಾಗಿ ಒಂದು ಕಳ್ಳಬಾಗಿಲು ಸೇರಿಸುತ್ತದೆ. ಕಂಪೈಲರಿನ ಮೂಲ ಬರಹವನ್ನು ಓದಿದರೂ ಸಿಗುವುದಿಲ್ಲ, ಏಕೆಂದರೆ ಕಂಪೈಲರ್ ತನ್ನನ್ನೇ ಮತ್ತೆ ಕಂಪೈಲ್ ಮಾಡುವಾಗ ಆ ಗುಟ್ಟನ್ನು ತಾನೇ ಮುಂದಕ್ಕೆ ದಾಟಿಸುತ್ತದೆ. ಮೂರೇ ಪುಟದಷ್ಟು ಬರಹ ಅದು. ಪಠ್ಯದಲ್ಲಿ ಇರಲಿಲ್ಲ, ಕಂಪೈಲರ್ ಕಲಿಸುತ್ತಿದ್ದ ಸರ್ ಪ್ರಿಂಟ್ ತೆಗೆದು ಕೊಟ್ಟಿದ್ದರು. ಎದುರಾಳಿ ಎದುರುಗಡೆ ಮಾತ್ರ ಇರಬೇಕೆಂದಿಲ್ಲ, ನಾನು ಹಿಡಿದ ಸಲಕರಣೆಯೊಳಗೇ ಇರಬಹುದು ಎಂದು ತಿಳಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ದುಡ್ಡಿಗೆ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿವೆ; ರಿಪೋರ್ಟು, ಬೈಂಡಿಂಗು, ವೈವಾಕ್ಕೆ ಬೇಕಾದ ಉತ್ತರ, ಎಲ್ಲವೂ ಸೇರಿ. ಇದನ್ನು ನೋಡಿದಾಗ ಸಂಕಟವಾಗುತ್ತದೆ, ಏಕೆಂದರೆ ಕೊನೆಯ ವರ್ಷದ ಪ್ರಾಜೆಕ್ಟಿನಿಂದ ಏನು ಹುಟ್ಟಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ಬೇಗನೆ ಹೇಳುವ ವಿಧಾನ ಇದೆಯೇ ಎಂಬುದು ಗಣಿತದ ಹಳೆಯ ಪ್ರಶ್ನೆ. ಐಐಟಿ ಕಾನ್ಪುರದಲ್ಲಿ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ತಮ್ಮ ಬಿ.ಟೆಕ್. ಪ್ರಾಜೆಕ್ಟಿನಲ್ಲಿ ಇದರ ಬೆನ್ನು ಹತ್ತಿದರು. ಡಿಗ್ರಿ ಮುಗಿದ ಬೇಸಿಗೆಯಲ್ಲೇ, 2002ರ ಆಗಸ್ಟಿನಲ್ಲಿ, ತಮ್ಮ ಗುರು ಮಣೀಂದ್ರ ಅಗ್ರವಾಲ್ ಜೊತೆ ಸೇರಿ ಉತ್ತರ ಪ್ರಕಟಿಸಿದರು. ಜಗತ್ತೇ ತಿರುಗಿ ನೋಡಿತು. 2006ರಲ್ಲಿ ಗೋಡೆಲ್ ಪ್ರಶಸ್ತಿ ಬಂತು. ಕಯಾಲ್ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದರು. ನಮ್ಮ ನಿಮ್ಮ ಹಾಗೆ ಏಳನೆಯ ಎಂಟನೆಯ ಸೆಮಿಸ್ಟರಿನಲ್ಲಿದ್ದವರು ಅವರು. ಎಲ್ಲರಿಗೂ ಅಷ್ಟು ಎತ್ತರ ಸಾಧ್ಯವಿಲ್ಲ. ಆದರೆ ಕಷ್ಟದ ಒಂದು ಪ್ರಶ್ನೆಯ ಜೊತೆ ಒಂದು ವರ್ಷ ಬದುಕುವ ಅವಕಾಶ ಎಲ್ಲರಿಗೂ ಸಿಕ್ಕಿರುತ್ತದೆ, ಅದನ್ನು ಯಾರೋ ಮಾಡಿಟ್ಟ ಸಿಡಿಗೆ ಮಾರಿಕೊಳ್ಳಬಾರದು.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಅವರಿಗೆ ಒಂದು ಬೆಳಿಗ್ಗೆ ಫೋನ್ ಬಂತು. ಅವರ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಮುಂಬೈ ಪೊಲೀಸರು ಮಾತಾಡುತ್ತಾರೆ ಎಂದರು. ವಿಡಿಯೊ ಕಾಲಿನಲ್ಲಿ ಸಮವಸ್ತ್ರ ತೊಟ್ಟವನೊಬ್ಬ, ಹಿಂದೆ ಲಾಂಛನ, ಮೇಜಿನ ಮೇಲೆ ಫೈಲು. ನೀವು ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ, ಕ್ಯಾಮೆರಾ ಆಫ್ ಮಾಡುವಂತಿಲ್ಲ, ಮನೆಯವರಿಗೂ ಹೇಳುವಂತಿಲ್ಲ. ಮೇಷ್ಟ್ರು ಊಟ ಬಿಟ್ಟು ಕೋಣೆಯೊಳಗೇ ಕೂತರು. ಸೊಸೆ ಸಂಜೆ ಕೆಲಸದಿಂದ ಬಂದು ಬಾಗಿಲು ತಟ್ಟಿ ಒಳಹೊಕ್ಕು ನೋಡಿದಾಗ ಒಂದು ಕಂತು ದುಡ್ಡು ಹೋಗಿತ್ತು, ಎರಡನೆಯದು ಹೋಗುವುದರಲ್ಲಿತ್ತು. ಆಕೆ ನನ್ನನ್ನು ಕೂಗಿದರು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅದರ ಪೋರ್ಟಲ್ಲಿನಲ್ಲಿ ದೂರು ಬರೆದೆವು. ಹೋದದ್ದರಲ್ಲಿ ಸ್ವಲ್ಪ ಭಾಗವನ್ನು ತಡೆಹಿಡಿಯಲು ಸಾಧ್ಯವಾಯಿತು. ಮೇಷ್ಟ್ರು ನನ್ನನ್ನು ನೋಡಿ, ‘ನೀನು ಇದನ್ನೇ ಓದಿದ್ದಲ್ವೇನಪ್ಪ? ಬ್ಯಾಂಕಿನ ಬೀಗ ಮುರಿದರಾ?’ ಎಂದು ಕೇಳಿದರು.

ಯಾವ ಬೀಗವೂ ಮುರಿದಿರಲಿಲ್ಲ. ಆರ್‌ಎಸ್‌ಎ ಸರಿಯಾಗಿತ್ತು, ಎಇಎಸ್ ಸರಿಯಾಗಿತ್ತು, ಓಟಿಪಿ ಸರಿಯಾದ ಫೋನಿಗೇ ಬಂದಿತ್ತು. ಆ ಫೋನಿನ ಮುಂದೆ ಹೆದರಿದ ಒಬ್ಬ ಮನುಷ್ಯ ಕೂತಿದ್ದರು. ಹೆದರಿಕೆ ಅವರೊಬ್ಬರದೇ ಅಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿ ತಮ್ಮ ‘ಮನ್ ಕೀ ಬಾತ್’ನಲ್ಲಿ ವಿಜಯಪುರದ ಒಬ್ಬರಿಗೆ ಬಂದ ಇಂಥದ್ದೇ ಕರೆಯ ಧ್ವನಿಯನ್ನು ದೇಶಕ್ಕೆಲ್ಲ ಕೇಳಿಸಿ, ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಹೇಳಬೇಕಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲಿ ಬಂತು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಈಗ ಜಿಲ್ಲೆಜಿಲ್ಲೆಗೂ ಸೈಬರ್ ಅಪರಾಧ ನೋಡುವ ‘ಸೆನ್’ ಠಾಣೆಗಳಿವೆ. ಕಾನೂನೂ ಇದೆ, ಠಾಣೆಯೂ ಇದೆ. ಆದರೆ ಕಾಯ್ದೆಯ ಸೆಕ್ಷನ್ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸುವ ನಮ್ಮ ಪಾಠದಲ್ಲಿ ಮೇಷ್ಟ್ರಂಥವರು ಎಲ್ಲೂ ಬರಲಿಲ್ಲ. ಪಠ್ಯಪುಸ್ತಕದ ಚಿತ್ರಗಳಲ್ಲಿ ಗುಟ್ಟು ಕಳಿಸುವ ಆಲಿಸ್ ಇರುತ್ತಾಳೆ, ಪಡೆಯುವ ಬಾಬ್ ಇರುತ್ತಾನೆ, ನಡುವೆ ಕದ್ದು ಕೇಳುವ ಈವ್ ಇರುತ್ತಾಳೆ. ಬಾಬ್ ಎಪ್ಪತ್ತು ದಾಟಿದವನು, ಒಂಟಿ ಕೋಣೆಯಲ್ಲಿ ಕೂತವನು, ಪೊಲೀಸ್ ಎಂದರೆ ಎದ್ದು ನಿಲ್ಲುವವನು ಆಗಿದ್ದರೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಆ ದಿನ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಮೇಡಂ ಮೊದಲ ದಿನ ಹೇಳಿಕೊಟ್ಟ, ಎದುರಾಳಿಯನ್ನು ಮನಸ್ಸಿನಲ್ಲಿಟ್ಟು ಯೋಚಿಸುವ ಪಾಠವೇ. ಕರೆ ಮಾಡಿದವನು ಏನನ್ನು ನಂಬಿಸಿದ? ಆ ನಂಬಿಕೆಯನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಬಹುದಿತ್ತೇ? ಮೇಷ್ಟ್ರ ಜೊತೆ ಕೂತು ಇದನ್ನೇ ಒಂದೊಂದಾಗಿ ಬಿಡಿಸಿದೆ. ಅವನು ಬೇರೆ ಯಾರಿಗೂ ಹೇಳಬೇಡಿ ಎಂದಿದ್ದೇಕೆ? ಬೇರೆಯವರನ್ನು ಕೇಳಿದ್ದರೆ ಸುಳ್ಳು ಅಲ್ಲೇ ಬೀಳುತ್ತಿತ್ತು. ಕ್ಯಾಮೆರಾ ಆಫ್ ಮಾಡಬೇಡಿ ಎಂದಿದ್ದೇಕೆ? ಯೋಚಿಸಲು ಬಿಡುವು ಸಿಗಬಾರದು. ವಿಜ್ಞಾನದ ಮೇಷ್ಟ್ರಲ್ಲವೇ, ಬೇಗ ಹಿಡಿದರು. ಆಮೇಲೆ ಪಾರ್ಕಿನ ಬೆಂಚಿನ ಮೇಲೆ ತಮ್ಮ ವಾಕಿಂಗ್ ಗೆಳೆಯರಿಗೆ ನನಗಿಂತ ಚೆನ್ನಾಗಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಬ್ಯಾಂಕುಗಳು ಇಂಗ್ಲಿಷಿನಲ್ಲಿ ಕಳಿಸುವ ಎಚ್ಚರಿಕೆಯ ಮೆಸೇಜುಗಳಿಗಿಂತ ಆ ಬೆಂಚು ಹೆಚ್ಚು ಕೆಲಸ ಮಾಡಿದೆ ಎಂದು ನಾನು ನಂಬುತ್ತೇನೆ.

ಕಾಲೇಜುಗಳ ಕೈಲಿ ಆಗಬಹುದಾದದ್ದೂ ಇದೆ. ಈ ಪೇಪರುಗಳನ್ನು ಪ್ಲೇಸ್‌ಮೆಂಟಿನ ಗದ್ದಲಕ್ಕೆ ಮುಂಚೆ, ಐದನೆಯ ಸೆಮಿಸ್ಟರಿಗೆ ತಂದರೆ ಓದುವ ಮನಸ್ಸು ಸಿಗುತ್ತದೆ. ರೆಕಾರ್ಡ್ ಬರೆಯುವ ಹೊತ್ತನ್ನು ಲ್ಯಾಬಿನಲ್ಲಿ ಒಡೆದು ಕಟ್ಟುವುದಕ್ಕೆ ಕೊಟ್ಟರೆ ಒಳ್ಳೆಯದು. ನಂಬರ್ ಥಿಯರಿಯನ್ನು ಕನ್ನಡದಲ್ಲೂ ಹೇಳುವ ಒಬ್ಬರು ಪ್ರತಿ ಡಿಪಾರ್ಟ್‌ಮೆಂಟಿನಲ್ಲಿ ಇದ್ದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಆ ಮಾಡ್ಯೂಲೂ ಈಗ ಬದಲಾಗಲೇಬೇಕಾಗಿದೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಗುಣಲಬ್ಧವನ್ನು ಒಡೆಯುವುದು ಕಷ್ಟವೇ ಅಲ್ಲ ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದ. 600 ಮಂದಿ ಸೇರಿ ಆ 129 ಅಂಕಿ ಒಡೆದ ವರ್ಷವೂ ಅದೇ. ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೂ 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಅದಕ್ಕೂ ಬಗ್ಗದ ಹೊಸ ವಿಧಾನಗಳ ಮೊದಲ ಮೂರು ಮಾನಕಗಳನ್ನು ಪ್ರಕಟಿಸಿತು. ಅದರಲ್ಲಿ ಎರಡು ಲ್ಯಾಟಿಸ್ ಎಂಬ ಗಣಿತದ ಮೇಲೆ ನಿಂತಿವೆ: ನೂರಾರು ಆಯಾಮಗಳಲ್ಲಿ ಹರಡಿದ ಚುಕ್ಕಿಗಳ ನಡುವೆ ಹತ್ತಿರದ ಚುಕ್ಕಿ ಯಾವುದು ಎಂಬ, ಕೇಳಲು ಸರಳವಾದ ಪ್ರಶ್ನೆ. ನಾನು ಕೆಲಸ ಮಾಡುವ ಕಡೆ ಹಳೆಯ ಕೀಲಿಗಳು ಎಲ್ಲೆಲ್ಲಿ ಇವೆ ಎಂದು ಪಟ್ಟಿ ಮಾಡುವ ಕೆಲಸ ಶುರುವಾಗಿದೆ. ಲ್ಯಾಟಿಸ್ ತಿಳಿಯಲು ಲೀನಿಯರ್ ಆಲ್ಜೀಬ್ರಾ ಗಟ್ಟಿ ಇರಬೇಕು, ಅದು ಮೊದಲ ವರ್ಷದ ಗಣಿತ. ಅಟ್ಟದ ಮೇಲಿದ್ದ ನೋಟ್ಸಿನ ಕಟ್ಟನ್ನು ಇಳಿಸಿ, ಭಾನುವಾರಗಳಲ್ಲಿ ಮ್ಯಾಟ್ರಿಕ್ಸಿನಿಂದ ಮತ್ತೆ ಮೊದಲು ಮಾಡಿದ್ದೇನೆ.